ಎರಡನೇ ಗೇರ್ ಬರ್ತಿಲ್ಲ

"ಎರಡನೇ ಗೇರ್ ಬರ್ತಿಲ್ಲ ಅಪ್ಪಾ."

ಮಗಳು ಕಾರು ಕಲಿಯಲು ಶುರು ಮಾಡಿ ನಾಲ್ಕು ದಿನವಾಗಿತ್ತು. ರಸ್ತೆಯಲ್ಲಿ ಗಾಡಿಗಳು ಕಡಿಮೆ ಇರುತ್ತವೆ ಎಂದು ಬೆಳಗಿನ ಹೊತ್ತನ್ನೇ ಆರಿಸಿಕೊಂಡಿದ್ದೆವು. ಒಂದನೇ ಗೇರಿನಲ್ಲಿ ಕಾರು ಚೆನ್ನಾಗಿಯೇ ಹೊರಡುತ್ತಿತ್ತು. ಕ್ಲಚ್ ಒತ್ತಿ ಲಿವರನ್ನು ಹಿಂದಕ್ಕೆ ಎಳೆಯುವಾಗ ಮಾತ್ರ ಅವಳ ಕೈ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಕಾರಿನ ವೇಗ ಇಳಿಯುತ್ತಿತ್ತು, ಅವಳಿಗೆ ಗಾಬರಿಯಾಗುತ್ತಿತ್ತು, ಮತ್ತೆ ಒಂದನೇ ಗೇರಿಗೇ ವಾಪಸ್.

ಕಲಿಸುವವರು ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. ಕ್ಲಚ್ ಪೂರ್ತಿ ಒತ್ತು. ಹೆದರಬೇಡ. ಸ್ವಲ್ಪ ಗಟ್ಟಿಯಾಗಿ ಎಳಿ. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹನ್ನೊಂದು ವರ್ಷದ ಕಾರು. ಒಂದು ಲಕ್ಷದ ಹತ್ತು ಸಾವಿರ ಕಿಲೋಮೀಟರ್ ಓಡಿದೆ. ಅದರಲ್ಲಿ ಮುಕ್ಕಾಲು ಪಾಲು ನಾನೇ ಓಡಿಸಿದ್ದೇನೆ. ಗೇರ್ ಬರದೇ ಇದ್ದದ್ದು ನನಗೆ ಒಂದು ದಿನವೂ ನೆನಪಿಲ್ಲ.

ಮರುದಿನ ಬೆಳಿಗ್ಗೆ ನಾನೇ ಸ್ಟಿಯರಿಂಗ್ ಹಿಡಿದೆ. ಈ ಸಲ ನನ್ನ ಕೈ ಏನು ಮಾಡುತ್ತಿದೆ ಎಂದು ಗಮನವಿಟ್ಟು ನೋಡಿದೆ. ಒಂದರಿಂದ ಎರಡಕ್ಕೆ ಹೋಗುವಾಗ ಮಣಿಕಟ್ಟಿನಿಂದ ಆಗಬೇಕಾದ ಕೆಲಸಕ್ಕೆ ಭುಜ ಬಳಸುತ್ತಿದ್ದೆ. ಲಿವರ್ ನ್ಯೂಟ್ರಲ್‌ಗೆ ಬಂದಾಗ ಅಲ್ಲೇ ಒಂದು ಕ್ಷಣ ತಡೆಯುತ್ತಿದ್ದೆ. ಆಮೇಲೆ ಒತ್ತಡ ಹಾಕಿ, ಒಳಗಿನಿಂದ ಅದು ಒಪ್ಪಿಕೊಳ್ಳುವವರೆಗೂ ಹಿಡಿದುಕೊಂಡಿರುತ್ತಿದ್ದೆ. ಇದನ್ನೆಲ್ಲ ನನಗೆ ಯಾರೂ ಕಲಿಸಿರಲಿಲ್ಲ. ಗೇರ್ ಒಂದೇ ದಿನದಲ್ಲಿ ಬಿಗಿಯಾಗಿರಲಿಲ್ಲ, ವರ್ಷಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಗಿಯಾಗುತ್ತಾ ಬಂದಿತ್ತು. ನನ್ನ ಕೈಯೂ ಅದರ ಹಿಂದೆಯೇ ಹೊಂದಿಕೊಳ್ಳುತ್ತಾ ಹೋಗಿತ್ತು. ಮಗಳ ಕೈಗೆ ಆ ಹಳೆಯ ಅಭ್ಯಾಸ ಇರಲಿಲ್ಲ. ಹಾಗಾಗಿ ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ನೆಲ ನಿಜವಾಗಿಯೂ ಡೊಂಕಾಗಿತ್ತು.

ಅವಳಿಗೆ ಅದನ್ನು ಹೇಳಿದೆ. ತಪ್ಪು ನಿನ್ನದಲ್ಲ, ಕಾರಿನದು ಎಂದೆ. ಆಮೇಲೆ ಇಬ್ಬರೂ ಸೇರಿ ಅದು ಯಾವಾಗ ಬಿಗಿ, ಯಾವಾಗ ಸಡಿಲ ಎಂದು ಲೆಕ್ಕ ಇಟ್ಟೆವು. ಒಂದು ವಾರದಲ್ಲಿ ಚಿತ್ರ ಸ್ಪಷ್ಟವಾಯಿತು. ಬೆಳಿಗ್ಗೆ ಮೊದಲ ಐದು ನಿಮಿಷ ಎರಡನೇ ಗೇರ್ ಬಹಳ ಬಿಗಿ, ಮೂರನೆಯದು ಸ್ವಲ್ಪ ಬಿಗಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಎಲ್ಲವೂ ಮೆದು. ಸಂಜೆ ಹೊತ್ತಿನಲ್ಲಿ ಬೆಳಗಿನಷ್ಟು ತೊಂದರೆ ಇಲ್ಲ. ಅಂದರೆ ಬಿಸಿಗೂ ಈ ಬಿಗಿತಕ್ಕೂ ಸಂಬಂಧ ಇದೆ. ಗೇರ್ ಬಾಕ್ಸ್ ಒಳಗೆ ಬಿಸಿಯಾದರೆ ಸ್ವಭಾವವೇ ಬದಲಾಗುವ ವಸ್ತು ಮುಖ್ಯವಾಗಿ ಒಂದೇ, ಆಯಿಲ್.

ಇಲ್ಲಿ ಸ್ವಲ್ಪ ನಿಂತು, ಗೇರ್ ಹಾಕುವುದು ಎಂದರೆ ಒಳಗೆ ಏನಾಗುತ್ತದೆ ಎಂದು ಹೇಳಬೇಕು. ಇದು ನನಗೆ ಬಹಳ ಇಷ್ಟದ ವಿಷಯ. ಇದು ಗೊತ್ತಾದ ಮೇಲೆ ನಾನು ಲಿವರ್ ಹಿಡಿಯುವ ರೀತಿಯೇ ಬದಲಾಯಿತು.

ಲಿವರ್ ಎಳೆದಾಗ ಎರಡು ಹಲ್ಲುಚಕ್ರಗಳು ಬಂದು ಒಂದಕ್ಕೊಂದು ಕೂಡುತ್ತವೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಈಗಿನ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಎಲ್ಲ ಗೇರುಗಳ ಜೋಡಿಗಳೂ ಯಾವಾಗಲೂ ಕೂಡಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ತನ್ನ ಶಾಫ್ಟಿನ ಮೇಲೆ ಸುಮ್ನೆ ತಿರುಗುತ್ತಿರುತ್ತದೆ, ಶಾಫ್ಟಿಗೆ ಕಟ್ಟಿಕೊಂಡಿರುವುದಿಲ್ಲ. ನಾವು ಗೇರ್ ಹಾಕಿದಾಗ ಒಂದು ಉಂಗುರದಂಥ ತೋಳು, ಅಂದರೆ ಸ್ಲೀವ್, ಜಾರಿಕೊಂಡು ಹೋಗಿ ಆ ಚಕ್ರವನ್ನು ಶಾಫ್ಟಿಗೆ ಬಿಗಿಯುತ್ತದೆ. ನಮ್ಮ ಕೈ ಸರಿಸುವುದು ಆ ಸ್ಲೀವನ್ನು ಮಾತ್ರ.

ತೊಂದರೆ ಏನೆಂದರೆ, ಸ್ಲೀವ್ ಒಂದು ವೇಗದಲ್ಲಿ ತಿರುಗುತ್ತಿರುತ್ತದೆ, ಚಕ್ರ ಇನ್ನೊಂದು ವೇಗದಲ್ಲಿ. ಚಲಿಸುವ ಬಸ್ಸನ್ನು ಹತ್ತಬೇಕಾದವರು ಅದರ ಜೊತೆ ನಾಲ್ಕು ಹೆಜ್ಜೆ ಓಡಬೇಕು, ಅಲ್ವಾ? ಇಲ್ಲೂ ಅಷ್ಟೇ. ಎರಡರ ವೇಗವೂ ಒಂದಾಗುವವರೆಗೆ ಸ್ಲೀವ್ ಒಳಗೆ ಹೋಗಬಾರದು. ಹೋದರೆ ಹಲ್ಲಿಗೆ ಹಲ್ಲು ಬಡಿದು ಕಿರ್ರ್ ಎನ್ನುತ್ತದೆ. ಈ ಎರಡರ ನಡುವೆ ಕೂತಿರುವುದೇ ಸಿಂಕ್ರೊ ರಿಂಗ್. ಹೆಚ್ಚಿನ ಕಾರುಗಳಲ್ಲಿ ಅದು ಹಿತ್ತಾಳೆ ಅಥವಾ ಕಂಚಿನಂಥ ಹಳದಿ ಲೋಹದ್ದು. ಅದರ ಒಳಮೈ ಶಂಕುವಿನ ಆಕಾರದಲ್ಲಿ ಇರುತ್ತದೆ, ಚಕ್ರದ ಪಕ್ಕದಲ್ಲಿಯೂ ಅದಕ್ಕೆ ಹೊಂದುವ ಶಂಕು ಇರುತ್ತದೆ. ಲಿವರ್ ಒತ್ತಿದಾಗ ರಿಂಗ್ ಹೋಗಿ ಆ ಶಂಕುವಿಗೆ ಉಜ್ಜುತ್ತದೆ. ಆ ತಿಕ್ಕಾಟಕ್ಕೆ ಚಕ್ರದ ವೇಗ ಸ್ಲೀವಿನ ವೇಗಕ್ಕೆ ಹೊಂದಿಕೊಳ್ಳುತ್ತದೆ. ವೇಗ ಒಂದಾಗುವ ತನಕ ರಿಂಗಿನ ಸಣ್ಣ ಹಲ್ಲುಗಳು ಸ್ಲೀವಿಗೆ ಅಡ್ಡ ನಿಂತಿರುತ್ತವೆ. ಒಂದಾದ ಕೂಡಲೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಲಿವರಿನಲ್ಲಿ ನಮಗೆ ಸಿಗುವ ಆ ತಡೆ ಮತ್ತು ಆಮೇಲೆ ಸರಕ್ಕನೆ ಒಳಗೆ ಹೋಗುವುದು, ಎರಡೂ ಇದೇ.

ಒಂದು ಲೆಕ್ಕ ಹಾಕಿ ನೋಡಿ. ಒಂದನೇ ಗೇರಿನ ಅನುಪಾತ 3.5, ಎರಡನೆಯದು 1.9 ಎಂದಿಟ್ಟುಕೊಳ್ಳೋಣ. ಅಂದರೆ ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಒಂದನೇ ಗೇರಿನಲ್ಲಿ 3.5 ಸುತ್ತು, ಎರಡನೆಯದರಲ್ಲಿ 1.9 ಸುತ್ತು ತಿರುಗಬೇಕು. ಸಣ್ಣ ಕಾರುಗಳಲ್ಲಿ ಸುಮಾರಾಗಿ ಇಂಥದೇ ಅಂಕಿ ಇರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನೀವು ಎರಡಕ್ಕೆ ಬದಲಾಯಿಸಿದರೆ, ಕ್ಲಚ್ಚಿನ ಈಚೆಗಿರುವ ಶಾಫ್ಟ್, ಅದಕ್ಕೆ ಅಂಟಿದ ಕ್ಲಚ್ ಪ್ಲೇಟ್, ಅದರ ಜೊತೆ ತಿರುಗುವ ಗೇರುಗಳು ಎಲ್ಲವೂ 3,000ದಿಂದ ಸುಮಾರು 1,630ಕ್ಕೆ ಇಳಿಯಬೇಕು. ಅದೂ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ. ಅಂಗೈಯಷ್ಟೂ ಅಗಲವಿಲ್ಲದ ಒಂದು ಉಂಗುರ ಇದನ್ನು ಮಾಡಬೇಕು. ನಾಲ್ಕರಿಂದ ಐದಕ್ಕೆ ಹೋಗುವಾಗ ಇಷ್ಟು ದೊಡ್ಡ ಅಂತರ ಇರುವುದಿಲ್ಲ. ಯಾರನ್ನು ಕೇಳಿದರೂ ಮೊದಲು ದೂರುವುದು ಎರಡನೇ ಗೇರನ್ನೇ. ಅದಕ್ಕೆ ಕಾರಣ ಇದು. ಅಲ್ಲಿ ರಿಂಗಿಗೆ ಕೆಲಸ ಜಾಸ್ತಿ.

ಈ ರಿಂಗ್ ಇಲ್ಲದ ಕಾಲವೂ ಇತ್ತು. ಆಗ ಓಡಿಸುವವರೇ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ಬಿಟ್ಟು, ಕಿವಿಯಿಂದ ವೇಗ ಅಂದಾಜು ಮಾಡಿ ಗೇರ್ ಹಾಕಬೇಕಿತ್ತು. ಅಮೆರಿಕದ ಕಾರು ಕಂಪನಿ ಕ್ಯಾಡಿಲಾಕ್ ತನ್ನ 1929ರ ಮಾದರಿಗಳಲ್ಲಿ ಸಿಂಕ್ರೊಮೆಶ್, ಅಂದರೆ ವೇಗ ಹೊಂದಿಸುವ ಈ ವ್ಯವಸ್ಥೆ, ತಂದ ಮೇಲೆ ಈ ಕಷ್ಟ ಮೆಲ್ಲಗೆ ಹೋಯಿತು. ಆದರೂ ಎಷ್ಟೋ ಕಾರುಗಳಲ್ಲಿ ಒಂದನೇ ಗೇರಿಗೆ ಸಿಂಕ್ರೊ ಬರಲು ಇನ್ನೂ ಹಲವು ದಶಕ ಬೇಕಾಯಿತು.

ಈಗ ಆಯಿಲ್‌ಗೆ ಬರೋಣ. ಗೇರ್ ಆಯಿಲ್ ಮಾಡಬೇಕಾದ ಕೆಲಸ ಒಂದಲ್ಲ. ಹಲ್ಲುಗಳ ನಡುವೆ ಅದು ಪದರವಾಗಿ ನಿಲ್ಲಬೇಕು, ಲೋಹಕ್ಕೆ ಲೋಹ ತಾಗದ ಹಾಗೆ ಕಾಯಬೇಕು. ಬೇರಿಂಗುಗಳಲ್ಲಿ ಜಾರಬೇಕು. ಅದೇ ಆಯಿಲ್, ಅದೇ ಕ್ಷಣದಲ್ಲಿ, ಸಿಂಕ್ರೊ ರಿಂಗ್ ಮತ್ತು ಶಂಕುವಿನ ನಡುವಿನಿಂದ ಬೇಗ ಜಾಗ ಖಾಲಿ ಮಾಡಬೇಕು. ಅಲ್ಲಿ ಅದು ಉಳಿದರೆ ರಿಂಗಿಗೆ ಹಿಡಿತ ಸಿಗುವುದಿಲ್ಲ. ಒದ್ದೆ ನೆಲದ ಮೇಲೆ ಕಾಲು ಊರಲು ಹೋದ ಹಾಗೆ ಆಗುತ್ತದೆ. ರಿಂಗಿನ ಒಳಮೈಯಲ್ಲಿ ಸಣ್ಣ ಸಣ್ಣ ಗೆರೆಗಳನ್ನು ಕೊರೆದಿರುವುದೇ ಆಯಿಲನ್ನು ಗೀಚಿ ಹೊರಗೆ ದೂಡಲಿಕ್ಕೆ. ಒಂದು ಕಡೆ ಜಾರು ಬೇಕು, ಇನ್ನೊಂದು ಕಡೆ ಹಿಡಿತ ಬೇಕು. ಎರಡನ್ನೂ ಒಂದೇ ದ್ರವದಿಂದ ಪಡೆಯಬೇಕು. ಗೇರ್ ಆಯಿಲ್ ತಯಾರಿಸುವವರ ಮೇಲೆ ನನಗೆ ಗೌರವ ಹುಟ್ಟಿದ್ದು ಇದನ್ನು ಅರ್ಥ ಮಾಡಿಕೊಂಡ ದಿನ.

ತಣ್ಣಗಿರುವಾಗ ಆಯಿಲ್ ಮಂದವಾಗಿರುತ್ತದೆ. ಒಂದು ಸಾಮಾನ್ಯ 75ಡಬ್ಲ್ಯೂ-90 ಆಯಿಲ್ (ಇದು ಆಯಿಲ್ ಎಷ್ಟು ಮಂದ ಎಂದು ಹೇಳುವ ಅಂಕಿ) 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವೋ, 40 ಡಿಗ್ರಿಯಲ್ಲಿ ಅದರ ಆರೇಳು ಪಟ್ಟು ಮಂದ. ಬೆಳಗಿನ ಚಳಿಯಲ್ಲಿ ಇನ್ನೂ ಜಾಸ್ತಿ. ಅಷ್ಟು ಮಂದವಾದ ಆಯಿಲ್ ಶಂಕುವಿನ ಮೇಲಿನಿಂದ ಬೇಗ ಸರಿಯುವುದಿಲ್ಲ. ರಿಂಗ್ ಹಿಡಿಯಲು ತಡವಾಗುತ್ತದೆ. ಅಲ್ಲಿಯವರೆಗೆ ಸ್ಲೀವ್ ಕಾಯಬೇಕು, ನಮ್ಮ ಕೈಯೂ ಕಾಯಬೇಕು. ಆ ಕಾಯುವಿಕೆಯನ್ನೇ ನಾವು ಬಿಗಿತ ಅನ್ನುತ್ತೇವೆ.

ಇಷ್ಟು ತಿಳಿದ ಕೂಡಲೇ ಆಯಿಲ್ ತರಲು ಓಡಬೇಕು ಅನ್ನಿಸಿತ್ತು. ಓಡಲಿಲ್ಲ, ಅದು ಒಳ್ಳೆಯದೇ ಆಯಿತು. ಗೇರ್ ಬಿಗಿಯಾಗಲು ಬೇರೆ ಕಾರಣಗಳೂ ಇವೆ. ಪೆಡಲ್ ಒತ್ತಿದಾಗ ಕ್ಲಚ್ ಎಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳದಿದ್ದರೂ ಇದೇ ಲಕ್ಷಣ, ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ ತುಕ್ಕು ಹಿಡಿದರೂ ಇದೇ ಲಕ್ಷಣ. ಅವು ಹಾಳಾಗಿದ್ದರೆ ಎಂಥ ಆಯಿಲ್ ಹಾಕಿದರೂ ಪ್ರಯೋಜನ ಇಲ್ಲ.

ಮೊದಲು ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಹಾಕಿ ತೆಗೆದು ನೋಡಿದೆ. ಹೂವೆತ್ತಿದ ಹಾಗೆ ಹೋದವು. ಒಂದೆರಡು ಸಲ ಹಲ್ಲು ಎದುರಾಗಿ ನಿಂತಾಗ ಕಾರನ್ನು ಸ್ವಲ್ಪ ಅಲುಗಿಸಬೇಕಾಯಿತು, ಅದು ಸಹಜ. ಎಂಜಿನ್ ನಿಂತಾಗಲೂ ಬಿಗಿಯಾಗಿದ್ದರೆ ಕೇಬಲ್, ಬುಶ್, ಲಿವರಿನ ಬುಡ ಇವನ್ನು ನೋಡಬೇಕಿತ್ತು. ಆಮೇಲೆ ಎಂಜಿನ್ ಚಾಲೂ ಮಾಡಿ, ಕಾರು ನಿಂತಲ್ಲೇ ಕ್ಲಚ್ ಪೂರ್ತಿ ಒತ್ತಿ, ಐದು ಸೆಕೆಂಡು ಕಾದು ರಿವರ್ಸ್ ಹಾಕಿದೆ. ಬಹಳಷ್ಟು ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ ಇರುವುದಿಲ್ಲ. ಕ್ಲಚ್ ಸರಿಯಾಗಿ ಬಿಡಿಸಿಕೊಂಡಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತಿರಬೇಕು, ಗೇರ್ ಸದ್ದಿಲ್ಲದೆ ಬೀಳಬೇಕು. ನಮ್ಮದು ಸದ್ದಿಲ್ಲದೆ ಬಿತ್ತು. ಕಿರುಗುಟ್ಟಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದೇ ಅರ್ಥ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಗೇರ್ ಸಲೀಸಾಗುತ್ತದೆಯೇ ಎಂದೂ ನೋಡಿದೆ, ಹಾಗೆ ಆದರೆ ಕ್ಲಚ್ಚಿನ ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ ಸೇರಿರುವ ಸಾಧ್ಯತೆ ಇರುತ್ತದೆ. ನಮ್ಮಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ಹಾಗಾಗಿ ಉಳಿದದ್ದು ಆಯಿಲ್. ಇನ್ನೊಂದು ಸಾಧ್ಯತೆ, ಸಿಂಕ್ರೊ ರಿಂಗೇ ಸವೆದಿರುವುದು. ರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಗೇರಿನಲ್ಲಿ, ಕಾರು ಬಿಸಿಯಾದ ಮೇಲೂ ಕಿರುಗುಟ್ಟುವುದು ಉಳಿಯುತ್ತದೆ. ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟೆ.

ಹಳೆಯ ಬಿಲ್ಲುಗಳ ಫೈಲ್ ತೆರೆದೆ. ನಾಲ್ಕು ವರ್ಷದ ಹಿಂದೆ, ಚಕ್ರಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿಗೆ ಸೇರುವಲ್ಲಿ ಆಯಿಲ್ ಸೋರದಂತೆ ತಡೆಯುವ ಸೀಲ್ ಬದಲಾಯಿಸಲು ಕಾರನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಬಿಲ್ಲಿನಲ್ಲಿ "ಗೇರ್ ಆಯಿಲ್" ಎಂದು ಮಾತ್ರ ಬರೆದಿದೆ. ಯಾವ ದರ್ಜೆ, ಎಷ್ಟು ಮಂದ, ಏನೂ ಇಲ್ಲ. ಅವತ್ತು ಯಾವ ಆಯಿಲ್ ಹಾಕುತ್ತೀರಿ ಎಂದು ಕೇಳಿದ್ದು ನೆನಪಿದೆ. ಎಲ್ಲ ಗಾಡಿಗೂ ಒಂದೇ ಡ್ರಮ್ಮಿನದು ಸಾರ್ ಎಂಬ ಉತ್ತರ ಬಂದಿತ್ತು. ಆಗ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಈಗ ಓದಿದಾಗ ಬೇಸರವಾಯಿತು. ಬಿಗಿತ ಶುರುವಾದದ್ದು ಅಂದಿನಿಂದಲೇ ಎಂದು ಪ್ರಮಾಣ ಮಾಡಲಾರೆ. ಆದರೆ ಹನ್ನೊಂದು ವರ್ಷದ ಗಾಡಿಯ ಒಳಗೆ ಏನಿದೆ ಎಂದು ಅದರ ಮಾಲೀಕನಿಗೇ ತಿಳಿಯದ ಹಾಗೆ ಮಾಡುವುದು ಸರಿಯಲ್ಲ. ಒಂದು ಸಾಲು ಜಾಸ್ತಿ ಬರೆದಿದ್ದರೆ ಸಾಕಿತ್ತು.

ಆ ಒಂದು ಸಾಲಿಗೆ ಯಾಕೆ ಅಷ್ಟು ಬೆಲೆ ಎಂದರೆ, ಗೇರ್ ಆಯಿಲ್‌ಗಳೆಲ್ಲ ಒಂದೇ ಅಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ದರ್ಜೆಗಳಲ್ಲಿ ನಮಗೆ ಹೆಚ್ಚಾಗಿ ಕಾಣುವುದು ಜಿಎಲ್-4 ಮತ್ತು ಜಿಎಲ್-5. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್‌ನಲ್ಲಿರುವ ಹೈಪಾಯ್ಡ್ ಗೇರುಗಳಿಗಾಗಿ ಇರುವಂಥದು. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜೋರಾಗಿ ಜಾರುತ್ತವೆ, ಒತ್ತಡವೂ ವಿಪರೀತ. ಅದಕ್ಕೆ ಗಂಧಕ ಮತ್ತು ರಂಜಕ ಸೇರಿದ ರಾಸಾಯನಿಕಗಳನ್ನು ಜಿಎಲ್-4ರ ಸುಮಾರು ಎರಡರಷ್ಟು ಹಾಕಿರುತ್ತಾರೆ. ಗೇರ್ ಆಯಿಲ್ ಡಬ್ಬ ತೆರೆದಾಗ ಮೂಗಿಗೆ ಹೊಡೆಯುವ ಆ ವಾಸನೆ ಗಂಧಕದ್ದು. ಈ ರಾಸಾಯನಿಕಗಳು ಬಿಸಿಯಲ್ಲಿ ಉಕ್ಕಿನ ಮೇಲೆ ಒಂದು ರಕ್ಷಣೆಯ ಪದರ ಕಟ್ಟುತ್ತವೆ. ಆದರೆ ಹಿತ್ತಾಳೆ, ಕಂಚಿನ ಮೇಲೆ ಹಳೆಯ ಬಗೆಯ ಗಂಧಕ ರಾಸಾಯನಿಕಗಳು ಮೆಲ್ಲಗೆ ಕೊರೆಯುವ ಕೆಲಸ ಮಾಡುತ್ತವೆ. ಸಿಂಕ್ರೊ ರಿಂಗ್ ಆ ಲೋಹದ್ದೇ. ಈಗಿನ ಜಿಎಲ್-5 ಆಯಿಲ್‌ಗಳಲ್ಲಿ ಈ ಕೊರೆತ ಕಡಿಮೆ ಇರಬಹುದು. ಆದರೂ ರಿಂಗಿಗೆ ಬೇಕಾದ ಹಿಡಿತ ಕಡಿಮೆಯಾಗುವ ಸಮಸ್ಯೆ ಉಳಿಯುತ್ತದೆ. ಜಿಎಲ್-5 ಬೇಕು ಎಂದೇ ಹೇಳುವ ಗೇರ್ ಬಾಕ್ಸುಗಳೂ ಇವೆ, ಎರಡಕ್ಕೂ ಹೊಂದುವ ಆಯಿಲ್‌ಗಳೂ ಇವೆ. ನನ್ನ ಕಾರಿನ ಪುಸ್ತಕದಲ್ಲಿ ಬರೆದಿದ್ದದ್ದು ಜಿಎಲ್-4.

ಇನ್ನು ಮಂದ ತೆಳುವಿನ ಅಂಕಿ. 75ಡಬ್ಲ್ಯೂ-90 ಎಂದು ಓದಿದವರು ಎಂಜಿನ್ ಆಯಿಲ್‌ನ 10ಡಬ್ಲ್ಯೂ-40 ಜೊತೆ ಹೋಲಿಸಿ, ಅಬ್ಬಾ ಎಷ್ಟು ಗಟ್ಟಿ ಅನ್ನುತ್ತಾರೆ. ಎರಡರ ಅಳತೆಗೋಲೇ ಬೇರೆ. ಬಿಸಿಯಾದಾಗ 90 ಅಂಕಿಯ ಗೇರ್ ಆಯಿಲ್ ಸುಮಾರಾಗಿ 40 ಅಂಕಿಯ ಎಂಜಿನ್ ಆಯಿಲ್‌ನಷ್ಟೇ ಮಂದ ಇರುತ್ತದೆ. ಕೆಲವು ಕಂಪನಿಗಳು ಗೇರ್ ಬಾಕ್ಸಿಗೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಹೇಳುತ್ತವೆ, ಕೆಲವು ಹಳೆಯ ಕಾರುಗಳಲ್ಲಿ ಎಂಜಿನ್ ಆಯಿಲನ್ನೇ ಹಾಕಲು ಹೇಳಿದ್ದೂ ಇದೆ. ಹಾಗಾಗಿ ಗೆಳೆಯರ ಕಾರಿಗೆ ಹಾಕಿದ್ದು, ಅಂಗಡಿಯವರು ಕೊಟ್ಟದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತದೋ ಅದೇ. ಈ ವಿಷಯದಲ್ಲಿ ನಾನು ಹಟಮಾರಿ. ಗೇರ್ ಸಲೀಸಾಗಲಿ ಎಂದು ಹೇಳಿದ್ದಕ್ಕಿಂತ ತೆಳುವಾದ ಆಯಿಲ್ ಹಾಕುವವರಿದ್ದಾರೆ. ಬೆಳಿಗ್ಗೆ ಕೈಗೆ ಸುಖ ಸಿಗುತ್ತದೆ ನಿಜ, ಆದರೆ ಮಧ್ಯಾಹ್ನದ ಬಿಸಿಯಲ್ಲಿ, ಭಾರ ಹೊತ್ತು ಏರು ಹತ್ತುವಾಗ ಹಲ್ಲು ಮತ್ತು ಬೇರಿಂಗಿನ ನಡುವೆ ಪದರ ನಿಲ್ಲಬೇಕಲ್ಲ. ಪುಸ್ತಕದಲ್ಲಿ 75ಡಬ್ಲ್ಯೂ-90 ಎಂದಿತ್ತು. ಸಿಂಥೆಟಿಕ್ ಆಯಿಲನ್ನೇ ತಂದೆ, ಅದು ಚಳಿಯಲ್ಲಿ ಕಡಿಮೆ ಮಂದವಾಗುತ್ತದೆ.

ಗೇರ್ ಆಯಿಲ್ ಕಾರಿನ ಆಯುಷ್ಯ ಪೂರ್ತಿ ಬರುತ್ತದೆ, ಮುಟ್ಟಬೇಡಿ ಎಂದು ಹೇಳುವವರು ಬಹಳ. ಕೆಲವು ಕಾರುಗಳ ಪುಸ್ತಕಗಳಲ್ಲೂ ಹಾಗೆಯೇ ಇದೆ. ಇದಕ್ಕೆ ಒಂದು ಅರ್ಥ ಇದೆ. ಎಂಜಿನ್ನಿನಲ್ಲಿ ಇಂಧನ ಉರಿದ ಮಸಿ ಆಯಿಲ್‌ಗೆ ಸೇರುತ್ತದೆ, ಗೇರ್ ಬಾಕ್ಸಿನಲ್ಲಿ ಅಂಥದೇನೂ ಉರಿಯುವುದಿಲ್ಲ. ಆದರೆ ಮ್ಯಾನುಯಲ್ ಗೇರ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಫಿಲ್ಟರ್ ಕೂಡ ಇರುವುದಿಲ್ಲ. ಸವೆದ ಲೋಹದ ಪುಡಿ ಅಲ್ಲೇ ತಿರುಗುತ್ತಿರುತ್ತದೆ. ಆಯಿಲ್ ಬಿಸಿಯಲ್ಲಿ ತೀರಾ ತೆಳುವಾಗದಂತೆ ಹಿಡಿದಿಡಲು ಹಾಕಿದ ಉದ್ದ ಅಣುಗಳನ್ನು ಹಲ್ಲುಗಳು ವರ್ಷಗಟ್ಟಲೆ ಅರೆದು ತುಂಡು ಮಾಡುತ್ತವೆ. ಉಸಿರಾಡುವ ಸಣ್ಣ ರಂಧ್ರದಿಂದ ತೇವವೂ ಒಳಗೆ ಹೋಗಬಹುದು. ಆಯುಷ್ಯ ಪೂರ್ತಿ ಅನ್ನುವವರು ಯಾರ ಆಯುಷ್ಯದ ಮಾತಾಡುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು. ನಾನು ಈ ಕಾರನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವವನು. ನನಗೆ ಎರಡು ಲೀಟರ್ ಆಯಿಲ್ ದೊಡ್ಡ ವಿಷಯ ಅಲ್ಲ.

ಒಂದು ಭಾನುವಾರ ಕೆಲಸಕ್ಕೆ ಇಳಿದೆವು. ಮಗಳೂ ಜೊತೆಗಿದ್ದಳು, ಅದು ಅವಳದೇ ಹಟ. ಮೊದಲು ಹದಿನೈದು ನಿಮಿಷ ಕಾರು ಓಡಿಸಿ ಬಂದೆವು. ಆಯಿಲ್ ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಕಾರನ್ನು ನಾಲ್ಕೂ ಕಡೆಯಿಂದ ಸಮವಾಗಿ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎತ್ತಿದ ಮೇಲೆ ಕಾರನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ, ಅಲುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಹೋದೆ.

ಗೇರ್ ಬಾಕ್ಸಿಗೆ ಎರಡು ಪ್ಲಗ್. ತಳದಲ್ಲಿ ಡ್ರೈನ್ ಪ್ಲಗ್, ಪಕ್ಕದಲ್ಲಿ ಸ್ವಲ್ಪ ಮೇಲೆ ಫಿಲ್ಲರ್ ಪ್ಲಗ್. ಮೊದಲು ಬಿಚ್ಚಬೇಕಾದ್ದು ಮೇಲಿನದು. ಇದು ತಪ್ಪಿದರೆ ದೊಡ್ಡ ಪೇಚು. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಿಕೊಳ್ಳದಿದ್ದರೆ, ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಕಾರು ಓಡಿಸುವ ಹಾಗೂ ಇಲ್ಲ. ನಮ್ಮ ಮೇಲಿನ ಪ್ಲಗ್ ನಿಜವಾಗಿಯೂ ಹಟ ಮಾಡಿತು. ತಂತಿ ಬ್ರಶ್‌ನಿಂದ ಸುತ್ತ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆ. ಸರಿಯಾದ ಅಳತೆಯ ಬಿಟ್ಟನ್ನು ಪೂರ್ತಿ ಒಳಗೆ ಕೂರಿಸಿ, ಉದ್ದ ಹಿಡಿಯ ಪಾನಾದಿಂದ ಒಂದೇ ಸಮನೆ ಒತ್ತಿದೆ. ಟಕ್ ಎಂದು ಬಿಟ್ಟುಕೊಟ್ಟಿತು. ಅಳತೆ ತಪ್ಪಿದ ಬಿಟ್ ಹಾಕಿ ಅವಸರ ಮಾಡಿದ್ದರೆ ಅದರ ಮೂಲೆಗಳು ಸವೆದು ಪ್ಲಗ್ ಅಲ್ಲೇ ಉಳಿಯುತ್ತಿತ್ತು.

ಕೆಳಗಿನ ಪ್ಲಗ್ ತೆಗೆದಾಗ ಬಂದ ಆಯಿಲ್ ನೋಡಿ ಇಬ್ಬರೂ ಸುಮ್ಮನಾದೆವು. ಹೊಸ ಆಯಿಲ್ ಹೊಂಬಣ್ಣದ್ದು, ಆಚೆ ಬದಿ ಕಾಣುವಷ್ಟು ತಿಳಿ. ಇದು ಕಪ್ಪು ಬೂದಿ ಬಣ್ಣ. ಬಿಸಿಲಿಗೆ ಹಿಡಿದರೆ ಒಳಗೆ ಬೆಳ್ಳಿಯ ಹಾಗೆ ಮಿನುಗು. ಪ್ಲಗ್ಗಿನ ತುದಿಯಲ್ಲಿರುವ ಅಯಸ್ಕಾಂತದ ಮೇಲೆ ಬೂದು ಬಣ್ಣದ ಕೆಸರು ದಪ್ಪವಾಗಿ ಕೂತಿತ್ತು. ಬೆರಳಿನಲ್ಲಿ ತಿಕ್ಕಿ ನೋಡಿದೆ. ನುಣ್ಣಗಿತ್ತು, ಚೂರುಗಳು ಸಿಗಲಿಲ್ಲ. ಇಷ್ಟು ವರ್ಷ ಓಡಿದ ಗೇರ್ ಬಾಕ್ಸಿನಲ್ಲಿ ನುಣುಪು ಕೆಸರು ಇರುವುದು ಸಹಜ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಂಡು ಬಂದಿದ್ದರೆ ಆಯಿಲ್ ಬದಲಾಯಿಸುವ ಮಾತು ಅಲ್ಲಿಗೇ ಬಿಟ್ಟು ಗೇರ್ ಬಾಕ್ಸ್ ಬಿಚ್ಚಿಸಬೇಕಿತ್ತು.

ತಟ್ಟೆಯಲ್ಲಿ ಉಳಿದ ಆಯಿಲನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಿದ್ದ ಮಗಳು, "ಇದು ಬಂಗಾರದ ಬಣ್ಣ" ಎಂದಳು. ಬೆಳ್ಳಿ ಮಿನುಗಿನ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಕಣ. ಅಯಸ್ಕಾಂತ ಹತ್ತಿರ ತಂದರೂ ಅವು ಕದಲಲಿಲ್ಲ. ಉಕ್ಕಾಗಿದ್ದರೆ ಬಂದು ಅಂಟಿಕೊಳ್ಳಬೇಕಿತ್ತು. ಇದು ಸಿಂಕ್ರೊ ರಿಂಗಿನ ಪುಡಿ. ಜಾಸ್ತಿ ಇರಲಿಲ್ಲ. ಆದರೂ ಇತ್ತು.

ಇಳಿದ ಆಯಿಲನ್ನು ಅಳತೆಯ ಡಬ್ಬಕ್ಕೆ ಸುರಿದೆವು, 1.7 ಲೀಟರ್. ಪುಸ್ತಕದ ಪ್ರಕಾರ 2.1 ಇರಬೇಕು. ಒಳಗಿನ ಮೂಲೆಗಳಲ್ಲಿ ಸ್ವಲ್ಪ ಯಾವಾಗಲೂ ಉಳಿಯುತ್ತದೆ, ಸ್ವಲ್ಪ ಕಡಿಮೆಯೂ ಆಗಿದ್ದಿರಬೇಕು. ಎಡಗಡೆ ಡ್ರೈವ್ ಶಾಫ್ಟಿನ ಸೀಲ್ ಸುತ್ತ ಒದ್ದೆ ಕಂಡಿತು. ಹನಿಯುವಷ್ಟು ಅಲ್ಲ. ಒರೆಸಿ ಇಟ್ಟೆ, ಮತ್ತೆ ಒದ್ದೆಯಾಗುತ್ತದೆಯೇ ನೋಡಲು.

ಅಯಸ್ಕಾಂತ ಒರೆಸಿ, ಹೊಸ ವಾಶರ್ ಹಾಕಿ, ಡ್ರೈನ್ ಪ್ಲಗ್ಗನ್ನು ಪುಸ್ತಕ ಹೇಳಿದಷ್ಟೇ ಬಿಗಿದೆ. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಂ. ಇನ್ನೂ ಸ್ವಲ್ಪ ಎಂದು ಬಲ ಹಾಕಿದರೆ ರಂಧ್ರದ ಒಳಗಿನ ತಿರುಪಿನ ಸುತ್ತುಗಳೇ ಕಿತ್ತುಬರುತ್ತವೆ. ಟಾರ್ಕ್ ರೆಂಚ್, ಅಂದರೆ ಎಷ್ಟು ಬಲ ಹಾಕಿ ಬಿಗಿಯುತ್ತಿದ್ದೇವೆ ಎಂದು ತಿಳಿಸುವ ಪಾನಾ, ಇದ್ದರೆ ಇಂಥ ಕಡೆ ಬಳಸಬೇಕು. ಆಮೇಲೆ ಮೇಲಿನಿಂದ, ಎಂಜಿನ್ ಪಕ್ಕದಲ್ಲಿ ಉದ್ದನೆಯ ಪೈಪನ್ನು ಫಿಲ್ಲರ್ ರಂಧ್ರದವರೆಗೆ ಇಳಿಸಿ ಆಲಿಕೆಯಲ್ಲಿ ಹೊಸ ಆಯಿಲ್ ಸುರಿದಳು ಮಗಳು. ಗೇರ್ ಆಯಿಲ್ ಅವಸರಕ್ಕೆ ಇಳಿಯುವುದಿಲ್ಲ. ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಿತು. ನಾನು ಕೆಳಗೆ ರಂಧ್ರದ ಹತ್ತಿರ ಕಣ್ಣಿಟ್ಟು ಮಲಗಿದ್ದೆ. ರಂಧ್ರದ ಕೆಳಗಿನ ಅಂಚಿನಿಂದ ಆಯಿಲ್ ಸಣ್ಣಗೆ ಹೊರಗೆ ಹರಿಯತೊಡಗಿದಾಗ ಸಾಕು ಎಂದೆ. ಬಹುತೇಕ ಕಾರುಗಳಲ್ಲಿ ಮಟ್ಟ ತಿಳಿಯುವುದು ಹೀಗೆಯೇ. ಕಾರು ವಾಲಿದ್ದರೆ ಈ ಮಟ್ಟವೂ ಸುಳ್ಳು ಹೇಳುತ್ತದೆ. ನಾಲ್ಕೂ ಕಡೆ ಸಮ ಎತ್ತಿದ್ದು ಅದಕ್ಕೇ.

ಹಳೆಯ ಆಯಿಲನ್ನು ಮುಚ್ಚಳ ಇರುವ ಡಬ್ಬದಲ್ಲಿ ತುಂಬಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆವು. ಚರಂಡಿಗೋ ಮಣ್ಣಿಗೋ ಒಂದು ಹನಿಯೂ ಬೀಳಬಾರದು ಎಂಬುದು ನನ್ನ ಖಡಾಖಂಡಿತ ಮಾತು.

ಅವತ್ತೇ ಓಡಿಸಿ ನೋಡಿದಾಗ ನನಗೆ ಹೆಚ್ಚು ವ್ಯತ್ಯಾಸ ಅನ್ನಿಸಲಿಲ್ಲ. ಮಧ್ಯಾಹ್ನ ಬೇರೆ, ಎಲ್ಲವೂ ಬೆಚ್ಚಗಿತ್ತು. ಗೇರ್ ಸ್ವಲ್ಪ ಮೆದುವಾಗಿದೆ ಅಂದುಕೊಂಡೆ, ಆದರೆ ಬೆವರು ಸುರಿಸಿ ಕೆಲಸ ಮಾಡಿದವರಿಗೆ ಹಾಗೆ ಅನ್ನಿಸುವುದು ಸಹಜ. ನನ್ನ ಕೈಯನ್ನು ನಾನು ನಂಬಲಿಲ್ಲ. ಅದು ಹನ್ನೊಂದು ವರ್ಷ ನನಗೆ ಏನೂ ಹೇಳಿರಲಿಲ್ಲ.

ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ. ಚಳಿ ಚೆನ್ನಾಗಿಯೇ ಇತ್ತು. ಮಗಳು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ನಾನು ಏನೂ ಹೇಳಲಿಲ್ಲ. ಒಂದನೇ ಗೇರಿನಲ್ಲಿ ಹೊರಟಳು. ಕ್ಲಚ್ ಒತ್ತಿದಳು. ನಾನು ಅವಳ ಮುಖ ನೋಡಲಿಲ್ಲ, ಲಿವರ್ ಮೇಲಿನ ಕೈಯನ್ನೇ ನೋಡುತ್ತಿದ್ದೆ. ನಡುವೆ ಒಂದು ಸಣ್ಣ ತಡೆ ಬಂತು, ಇರಬೇಕಾದಷ್ಟೇ ತಡೆ. ಬೆರಳುಗಳು ಸಡಿಲವಾಗಿಯೇ ಇದ್ದವು. ಲಿವರ್ ಎರಡಕ್ಕೆ ಜಾರಿತು. ಅವಳು ಅದನ್ನು ಗಮನಿಸಲೂ ಇಲ್ಲ. ಅವಳ ಕಣ್ಣು ಮುಂದಿನ ತಿರುವಿನ ಮೇಲಿತ್ತು.

ಒಂದು ತಿಂಗಳಾಯಿತು. ಸುಮಾರು ಎಂಟುನೂರು ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಎರಡನೇ ಗೇರ್ ಈಗಲೂ ಸಂಜೆಗಿಂತ ಚೂರು ಬಿಗಿ. ಆದರೆ ಭುಜ ಕೊಡುವ ಅಗತ್ಯ ಇಲ್ಲ. ನನ್ನ ಭುಜ ಮಾತ್ರ ಇನ್ನೂ ಹಳೆಯ ಅಭ್ಯಾಸದಲ್ಲಿ ಮುಂದೆ ಬರುತ್ತದೆ, ಪ್ರತಿ ಸಲ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಎಡಗಡೆಯ ಸೀಲ್ ಒಣಗಿಯೇ ಇದೆ. ಆಯಿಲ್‌ನ ದರ್ಜೆ, ಅಳತೆ, ತಾರೀಖು, ಕಿಲೋಮೀಟರ್ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ.

ನಿನ್ನೆ ಮಗಳು ದೊಡ್ಡ ರಸ್ತೆಯಲ್ಲಿ ಮೊದಲ ಸಲ ಓಡಿಸಿದಳು. ನಾಲ್ಕರಿಂದ ಮೂರಕ್ಕೆ ಇಳಿಸುವಾಗ ಕೈ ಕ್ಷಣ ಹೊತ್ತು ನಿಂತಿತು. "ಮೂರನೇದು ಸ್ವಲ್ಪ ಹಿಡೀತಾ ಇದೆ, ಅಲ್ವಾ?" ಎಂದಳು. ಗಾಡಿ ಪೂರ್ತಿ ಬಿಸಿಯಾಗಿತ್ತು. ನಾನು ಅದೇ ರಸ್ತೆಯಲ್ಲಿ ಹಿಂದಿನ ದಿನವಷ್ಟೇ ಓಡಿಸಿದ್ದೆ, ನನಗೆ ಗೊತ್ತಾಗಿರಲಿಲ್ಲ. ತಟ್ಟೆಯಲ್ಲಿ ಕಂಡ ಹಳದಿ ಕಣಗಳು ನೆನಪಾದವು. ಮನೆಗೆ ಬಂದು ಬಾನೆಟ್ ಎತ್ತಿ, ಆ ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆದೆ.